ಎರಡು ತಿಂಗಳಲ್ಲಿ ಮದುವೆ, ಎಲ್ಲಿ ಎಡವಬಹುದು?

ಪ್ರಶ್ನೆ: ಮಾಘದಲ್ಲಿ ನನ್ನ ಮದುವೆ, ಮಂಡ್ಯದಲ್ಲಿ. ಹಿಂದಿನ ಸಂಜೆ ರಿಸೆಪ್ಷನ್, ಬೆಳಿಗ್ಗೆ ಮುಹೂರ್ತ. ಛತ್ರ ಬುಕ್ ಆಗಿದೆ. ಅಪ್ಪ ಇಲ್ಲ. ಅಮ್ಮ, ನಾನು ಇಬ್ಬರೇ ಓಡಾಡಬೇಕು. ಈಚೆಗೆ ಮದುವೆಯಾದವರು ದಯವಿಟ್ಟು ಹೇಳಿ.

ಉತ್ತರ 1: ನನ್ನದು ಕಳೆದ ವೈಶಾಖದಲ್ಲಿ ಮೈಸೂರಲ್ಲಿ ಆಯಿತು. ಛತ್ರದವರನ್ನು ಈಗಲೇ ಕೇಳಿ: ಜನರೇಟರ್ ಡೀಸೆಲ್, ಗ್ಯಾಸ್, ಕ್ಲೀನಿಂಗ್ ಎಲ್ಲ ಬಾಡಿಗೆಯಲ್ಲೇ ಸೇರಿದೆಯಾ? ಎಷ್ಟು ಗಂಟೆಗೆ ಖಾಲಿ ಮಾಡಬೇಕು? ಬರೆಸಿಕೊಳ್ಳಿ. ನಮಗೆ ಬಾಯಲ್ಲಿ ಹೇಳಿದ್ದೇ ಒಂದು, ಬಿಲ್ಲಲ್ಲಿ ಬಂದದ್ದೇ ಒಂದು. ಧಾರೆ ಮುಗಿದ ಕೂಡಲೇ ಅಮ್ಮ ಲೆಕ್ಕ ಕೇಳಲು ಆಫೀಸ್ ರೂಮಿಗೆ ಓಡಿದರು. ಆಮೇಲಿನ ಒಂದು ಫೋಟೋದಲ್ಲೂ ಅಮ್ಮ ಇಲ್ಲ. ಇವತ್ತಿಗೂ ಆಲ್ಬಮ್ ತೆಗೆದರೆ ಕಣ್ಣು ತುಂಬುತ್ತದೆ. ದುಡ್ಡಿನ ಚೀಲವನ್ನು ಸೋದರಮಾವನ ಕೈಗೆ ಕೊಡಿ. ಅಮ್ಮ ನಿಮ್ಮ ಪಕ್ಕದಲ್ಲೇ ಇರಲಿ.

ಇನ್ನು ಹೂವು. ಮಲ್ಲಿಗೆ ಬೇಸಿಗೆಯ ಹೂವು ಅಲ್ವಾ, ಮಾಘದಲ್ಲಿ ಕಡಿಮೆ, ಬೆಲೆ ಜಾಸ್ತಿ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮೊದಲೇ ಹೇಳಿಡಿ. ಮಂಟಪಕ್ಕೆ ಸೇವಂತಿಗೆ ಸಾಕು, ಮಲ್ಲಿಗೆ ಜಡೆಗೆ ಮಾತ್ರ. ರವಿಕೆಯನ್ನು ಹದಿನೈದು ದಿನ ಮುಂಚೆಯೇ ಹಾಕಿ ನೋಡಿ.

ಉತ್ತರ 2: ಬೀಗರೂಟದ ದುಡ್ಡು ಬೇರೆ ಎತ್ತಿಡಮ್ಮ. ನಮ್ಮ ಮಂಡ್ಯ ಕಡೆ ಬಾಡೂಟಕ್ಕೆ ಮುಹೂರ್ತಕ್ಕೆ ಬಾರದವರೂ ಬರುತ್ತಾರೆ. ಅಡುಗೆಯವರಿಗೆ ಎಲೆ ಲೆಕ್ಕ ಸರಿಯಾಗಿ ಹೇಳಿ.

ಉತ್ತರ 3: ಲಗ್ನಪತ್ರಿಕೆ ನಾಲ್ಕು ಎತ್ತಿಡಿ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿಗೆ ಪತ್ರಿಕೆ, ಫೋಟೋ, ಮೂವರು ಸಾಕ್ಷಿಗಳು ಬೇಕು.

ಪ್ರಶ್ನೆ ಕೇಳಿದವರು: ಅಕ್ಕ, ನಿಮ್ಮ ಮಾತು ಅಮ್ಮನಿಗೆ ಓದಿ ಹೇಳಿದೆ. ಮಾವನಿಗೆ ಈಗಲೇ ಫೋನ್ ಮಾಡುತ್ತಿದ್ದಾರೆ.