ಯಹೂದಿ ಗೆಳತಿ ‘ಶಿವಾ’ ಕೂತಿದ್ದಾಳೆ, ನಾನು ಹೋಗಬಹುದಾ?

ಮಳೆಹನಿ:
ನನ್ನ ಜೊತೆ ಕೆಲಸ ಮಾಡುವ ಗೆಳತಿ ಯಹೂದಿ. ಅವಳ ತಂದೆ ಬಹಳ ದಿನ ಕಾಯಿಲೆ ಬಿದ್ದಿದ್ದರು, ನಿನ್ನೆ ತೀರಿಕೊಂಡರು, ಇವತ್ತೇ ಮಣ್ಣು ಮಾಡಿದರು. ಅವರು ಹಾಸಿಗೆ ಹಿಡಿದಾಗಿನಿಂದ ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನವರು ಒಬ್ಬರಲ್ಲ ಒಬ್ಬರು ಬರುತ್ತಲೇ ಇದ್ದರು, ಅಡುಗೆ ತರುತ್ತಿದ್ದರು, ಇವಳು ಒಂದು ಗಂಟೆ ನಿದ್ದೆ ಮಾಡಲಿ ಅಂತ ಅವರ ಪಕ್ಕ ಕೂರುತ್ತಿದ್ದರು. ಇವಳು ಯಾರನ್ನೂ ಕೇಳಿದ್ದು ನಾನು ನೋಡಲಿಲ್ಲ. ಇದನ್ನೆಲ್ಲ ಯಾರು ನಿಂತು ಮಾಡಿಸುತ್ತಾರೆ? ಈಗ ಏಳು ದಿನ ಶಿವಾ (ಮಣ್ಣು ಮಾಡಿದ ಮೇಲೆ ಮನೆಯವರು ಮನೆಯಲ್ಲೇ ಕೂತು ದುಃಖ ಆಚರಿಸುವುದು), ಬಾ ಅಂದಿದ್ದಾಳೆ. ನಾನು ಯಹೂದಿ ಅಲ್ಲ. ಹೂವು ತಗೊಂಡು ಹೋಗಬಹುದಾ? ಏನು ಮಾತಾಡಬೇಕು?

ಕಿಟಕಿ ಸೀಟು:
ಖಂಡಿತ ಹೋಗಿ. ನನ್ನ ಗಂಡನ ಮನೆಯವರು ಯಹೂದಿಗಳು, ಅದಕ್ಕೆ ಹೇಳುತ್ತಿದ್ದೇನೆ. ಹೂವು ಬೇಡ, ಅವರಲ್ಲಿ ರೂಢಿ ಇಲ್ಲ. ಸಾಮಾನ್ಯವಾಗಿ ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ, ಬೆಲ್ ಮಾಡದೆ ಒಳಗೆ ಹೋಗಿ, ಅವಳು ಎದ್ದು ಬಂದು ಸ್ವಾಗತ ಮಾಡಲಿ ಅಂತ ಕಾಯಬೇಡಿ. ತಗ್ಗಾದ ಸ್ಟೂಲ್ ಮೇಲೆ ಕೂತಿರಬಹುದು, ಕನ್ನಡಿಗಳಿಗೆ ಬಟ್ಟೆ ಮುಚ್ಚಿರಬಹುದು, ಗಾಬರಿ ಆಗಬೇಡಿ. ಮುಖ್ಯವಾದದ್ದು ಇದು: ಅವಳು ಮಾತಾಡುವ ತನಕ ನೀವು ಮಾತಾಡಬೇಕಿಲ್ಲ. ಸುಮ್ನೆ ಪಕ್ಕದಲ್ಲಿ ಕೂರಿ. ತಂದೆಯ ಬಗ್ಗೆ ಏನಾದರೂ ನೆನಪಿದ್ದರೆ ಆಮೇಲೆ ಹೇಳಿ, ‘ಹೋಗಲಿ ಬಿಡು, ವಯಸ್ಸಾಗಿತ್ತು’ ಅನ್ನೋದು ಮಾತ್ರ ಬೇಡ. ತಿನ್ನಲು ಏನಾದರೂ ಒಯ್ಯುವುದಾದರೆ ಕೋಷರ್ (ಅವರ ಧರ್ಮದ ನಿಯಮದಂತೆ ಮಾಡಿದ್ದು) ಬೇಕಾ ಅಂತ ಮೊದಲೇ ಕೇಳಿ.

ಮಣ್ಣು ಮಾಡಿ ಬಂದ ಮೇಲಿನ ಮೊದಲ ಊಟ ನೆರೆಯವರೇ ತರಬೇಕು, ಮನೆಯವರು ತಮ್ಮದನ್ನು ತಿನ್ನಬಾರದು ಅಂತಲೇ ನಿಯಮ ಇದೆ. ಮೊಟ್ಟೆ, ಬೇಳೆ ಇಂಥವು. ಅಂದ್ರೆ ದುಃಖದಲ್ಲಿರುವವರು ಬಾಯಿಬಿಟ್ಟು ಕೇಳುವ ಪ್ರಶ್ನೆಯೇ ಬರಲ್ಲ.

ಹಳೇ ಪೆನ್ನು:
ಯಾರು ಮಾಡಿಸುತ್ತಾರೆ ಅಂದ್ರೆ, ಅನೇಕ ಸಿನಗಾಗ್‌ಗಳಲ್ಲಿ ಇದಕ್ಕೇ ಒಂದು ಗುಂಪು ಇರುತ್ತದೆ. ರೋಗಿಯನ್ನು ನೋಡಲು ಹೋಗುವುದಕ್ಕೆ ‘ಬಿಕುರ್ ಖೋಲಿಂ’ ಅನ್ನುತ್ತಾರೆ, ಅದು ಮನಸ್ಸಿದ್ದರೆ ಮಾಡುವ ಕೆಲಸ ಅಲ್ಲ, ಕರ್ತವ್ಯ. ನೋಡಲು ಬಂದವರು ಕಾಯಿಲೆಯ ಅರವತ್ತರಲ್ಲಿ ಒಂದು ಪಾಲು ತೆಗೆದುಕೊಂಡು ಹೋಗುತ್ತಾರೆ ಅಂತ ಯಹೂದಿಗಳ ಹಳೆಯ ಧರ್ಮಶಾಸ್ತ್ರ ಗ್ರಂಥ ಟಾಲ್ಮಡ್‌ನಲ್ಲಿದೆ. ದಿನದ ಮೊದಲ ಮೂರು ಗಂಟೆ, ಕೊನೆಯ ಮೂರು ಗಂಟೆ ಹೋಗಬೇಡಿ ಅಂತಲೂ ಅಲ್ಲೇ ಹೇಳಿದೆ. ಟೋರಾ (ಯಹೂದಿಗಳ ಪವಿತ್ರ ಗ್ರಂಥ) ಓದುವಾಗ ಕಾಯಿಲೆಯವರ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ, ಅವರ ಹೆಸರಿನ ಜೊತೆ ತಾಯಿಯ ಹೆಸರು ಸೇರಿಸಿ.

ಆದರೆ ಎಲ್ಲಾ ಕಡೆ ಇಷ್ಟು ಚೆನ್ನಾಗಿ ನಡೆಯಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ದೊಡ್ಡ ಸಿನಗಾಗ್‌ನಲ್ಲಿ ಯಾರಾದರೂ ತಿಳಿಸದಿದ್ದರೆ ರಬ್ಬಿಗೆ (ಧರ್ಮಗುರುವಿಗೆ) ಗೊತ್ತೇ ಆಗಲ್ಲ. ಸಾವಿಗೆ ದಿನಗಳ ಲೆಕ್ಕ ಇದೆ, ವರ್ಷಗಟ್ಟಲೆ ಎಳೆಯುವ ಕಾಯಿಲೆಗೆ ಇಲ್ಲ, ಅಲ್ಲಿ ಜನ ಸುಸ್ತಾಗಿ ಬರುವುದು ಕಡಿಮೆ ಆಗುತ್ತದೆ.

ತಿರುಗಾಟ:
‘ಖೆವ್ರಾ ಕಡಿಶಾ’ ಬಗ್ಗೆ ಯಾರೂ ಹೇಳಲಿಲ್ಲ. ಶವಕ್ಕೆ ಸ್ನಾನ ಮಾಡಿಸಿ, ಬಿಳಿ ಬಟ್ಟೆ ತೊಡಿಸುವ ಸ್ವಯಂಸೇವಕರು ಇವರು, ಪ್ರಾಗ್‌ನಲ್ಲಿ 1564ರಲ್ಲೇ ಇಂಥ ಸಂಘ ಇತ್ತು. ಆ ಬಟ್ಟೆಗೆ ಜೇಬು ಇರಲ್ಲ, ಬಡವ ಶ್ರೀಮಂತ ಎಲ್ಲರಿಗೂ ಒಂದೇ ತರಹ. ಹಿಂದೆ ಶವಸಂಸ್ಕಾರದ ಖರ್ಚು ತಡೆಯಲಾರದೆ ಕೆಲವರು ಹೆಣ ಬಿಟ್ಟು ಓಡಿಹೋಗುತ್ತಿದ್ದರಂತೆ, ಆಗ ದೊಡ್ಡ ಧರ್ಮಗುರು ರಬ್ಬಾನ್ ಗಮಲಿಯೇಲ್ ನನಗೂ ಸಾದಾ ನಾರುಬಟ್ಟೆಯೇ ಸಾಕು ಅಂದರು, ಜನರೂ ಅದನ್ನೇ ಹಿಡಿದರು ಅಂತ ಟಾಲ್ಮಡ್ ಹೇಳುತ್ತದೆ.

ಇನ್ನೊಂದು, ತೀರಿಕೊಂಡವರಿಗಾಗಿ ಹೇಳುವ ಕಡಿಶ್ ಪ್ರಾರ್ಥನೆ. ಅದರಲ್ಲಿ ಸಾವಿನ ಸುದ್ದಿಯೇ ಇಲ್ಲ, ಬರೀ ದೇವರ ಸ್ತುತಿ. ಒಬ್ಬರೇ ಹೇಳುವ ಹಾಗಿಲ್ಲ, ಹತ್ತು ಜನ ಬೇಕು (ಸಂಪ್ರದಾಯಸ್ಥ ಪಂಥವಾದ ಆರ್ಥೊಡಾಕ್ಸ್‌ನಲ್ಲಿ ಗಂಡಸರನ್ನು ಮಾತ್ರ ಎಣಿಸುತ್ತಾರೆ, ಉಳಿದ ಹೆಚ್ಚಿನ ಕಡೆ ಹೆಂಗಸರನ್ನೂ). ತಂದೆ ತಾಯಿಗಾಗಿ 11 ತಿಂಗಳು ಹೇಳುತ್ತಾರೆ. ಅಷ್ಟೂ ದಿನ ದುಃಖದಲ್ಲಿರುವವರು ಜನರ ನಡುವೆ ಬರಲೇಬೇಕು, ಇನ್ನೂ ಒಂಬತ್ತು ಜನ ಇವರಿಗಾಗಿ ಬರಬೇಕು.

ಮಳೆಹನಿ:
ಎಲ್ಲರಿಗೂ ಥ್ಯಾಂಕ್ಸ್. ಶುಕ್ರವಾರ ಸಂಜೆ ಕೆಲಸ ಮುಗಿಸಿ ಹೋಗೋಣ ಅಂದುಕೊಂಡಿದ್ದೇನೆ.

ಕಿಟಕಿ ಸೀಟು:
ಅಯ್ಯೋ, ಶುಕ್ರವಾರ ಸಂಜೆ ಬೇಡ! ಸಬ್ಬತ್ (ಅವರ ವಾರದ ವಿಶ್ರಾಂತಿಯ ದಿನ) ಶುರುವಾಗುತ್ತದೆ, ಶನಿವಾರ ಕತ್ತಲಾಗುವ ತನಕ ಶಿವಾಗೆ ಜನ ಬರಲ್ಲ. ಭಾನುವಾರ ಹೋಗಿ, ಯಾವ ಹೊತ್ತಿಗೆ ಅಂತ ಮನೆಯವರನ್ನು ಕೇಳಿಕೊಳ್ಳಿ. ಏಳು ದಿನ ಕಳೆದ ಮೇಲೂ ಒಂದು ಫೋನ್ ಮಾಡಿ, ಆಗಲೇ ಮನೆ ಖಾಲಿ ಆಗೋದು.