ಕೆರೆ ತುಂಬಿದೆ, ಟೊಮೆಟೊ ಇನ್ನೊಂದು ಎಕರೆಗೆ ವಿಸ್ತರಿಸಬಹುದೇ?

ಪ್ರಶ್ನೆ (ರೈತ, ಕೋಲಾರ ತಾಲ್ಲೂಕು):
ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ನಮ್ಮೂರ ಕೆರೆಗೆ ಹರಿಯತೊಡಗಿದ ಮೇಲೆ, ಬತ್ತಿಹೋಗಿದ್ದ ಕೊಳವೆಬಾವಿಯಲ್ಲಿ ಮತ್ತೆ ನೀರು ಬಂದಿದೆ. ಒಂದು ಎಕರೆಯ ಟೊಮೆಟೊಗೆ ಈಗ ಸಾಲಿನಲ್ಲಿ ನೀರು ಹಾಯಿಸುತ್ತಿದ್ದೇನೆ. ಡ್ರಿಪ್ (ಹನಿ ನೀರಾವರಿ) ಹಾಕಿಸಿದರೆ ಅಷ್ಟೇ ನೀರಿನಲ್ಲಿ ಎರಡು ಎಕರೆ ಬೆಳೆಯಬಹುದು, ಅಂತರ್ಜಲಕ್ಕೆ ಹೊರೆಯಾಗದು ಎನ್ನುತ್ತಾರೆ. ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ (ನಿವೃತ್ತ ಎಂಜಿನಿಯರ್, ಬಂಗಾರಪೇಟೆ):
ನಿಮ್ಮ ಮೋಟಾರಿನ ಮಟ್ಟಿಗೆ ಅದು ನಿಜ, ಪಾಲಾರ್ ಕಣಿವೆಯ ಮಟ್ಟಿಗೆ ನಿಜವಲ್ಲ. ಸಾಲಿನಲ್ಲಿ ಹಾಯಿಸಿದ ನೀರಿನಲ್ಲಿ ಬೇರಿಗೆ ದಕ್ಕದೆ ಕೆಳಗಿಳಿದದ್ದು ಸ್ವಲ್ಪವಾದರೂ ಅಂತರ್ಜಲಕ್ಕೆ ಮರಳುತ್ತದೆ. ಎಲೆಯಿಂದ ಆವಿಯಾದದ್ದು ಮರಳುವುದಿಲ್ಲ. ಡ್ರಿಪ್‌ನಿಂದ ಉಳಿಸಿದ ನೀರಿನಲ್ಲಿ ಇನ್ನೊಂದು ಎಕರೆ ನೆಟ್ಟರೆ ಆವಿಯಾಗುವ ಪಾಲು ಹೆಚ್ಚುತ್ತದೆ, ಮರಳುವ ಪಾಲು ಕುಗ್ಗುತ್ತದೆ.

ನಮ್ಮ ಕಣಿವೆಗೆ ಮಳೆಯೇ ಬಂಡವಾಳ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್. 700 ಮಿಲಿಮೀಟರ್ ಬಿದ್ದ ವರ್ಷ ಸುಮಾರು 28 ಲಕ್ಷ ಲೀಟರ್. ಕೇಳಲು ಅಪಾರವೆನಿಸಿದರೂ ಅದರ ಬಹುಭಾಗ ಮಣ್ಣು ಮತ್ತು ಬೆಳೆಗಳಿಂದ ಆವಿಯಾಗಿ ಹೋಗುತ್ತದೆ, ಮತ್ತು ಗಟ್ಟಿಶಿಲೆಯ ಈ ನೆಲದಲ್ಲಿ ಆಳದ ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಕೆ.ಸಿ. ವ್ಯಾಲಿಯಿಂದ 2018ರಿಂದ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿತ ತ್ಯಾಜ್ಯ ನೀರು. ಪಂಪು ನಿಂತರೆ ಅದೂ ನಿಂತಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿದ್ದನ್ನು ನೆನೆಯಿರಿ. ಅದನ್ನೇ ನಂಬಿ ಬೇಸಿಗೆ ಬೆಳೆಯ ವಿಸ್ತೀರ್ಣ ಹೆಚ್ಚಿಸುವುದು ಸರಿಯಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಡ್ರಿಪ್ ಖಂಡಿತ ಹಾಕಿಸಿ, ಆದರೆ ಇರುವ ಒಂದು ಎಕರೆಗೇ ಹಾಕಿಸಿ.

ಉತ್ತರ (ರೈತ ಮಹಿಳೆ, ಮುಳಬಾಗಿಲು):
ಅಣ್ಣ, ನಮ್ಮದು ಸರಪಳಿಯಲ್ಲಿ ಕೆಳಗಿನ ಕೆರೆ. ಮೇಲಿನ ಕೆರೆ ಕೋಡಿ ಬಿದ್ದರೆ ಮಾತ್ರ ನಮಗೆ ನೀರು. ನಡುವಿನ ರಾಜಕಾಲುವೆಯಲ್ಲಿ ಜಾಲಿ ಬೆಳೆದು, ಟೊಮೆಟೊ ತೋಟಗಳಿಂದ ಕಿತ್ತೆಸೆದ ಮಲ್ಚಿಂಗ್ ಹಾಳೆ (ಸಾಲಿನ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್) ಮುಳ್ಳಿಗೆ ಸಿಕ್ಕಿಕೊಂಡು, ಕೋಡಿ ಬಿದ್ದ ವರ್ಷವೂ ನೀರು ಪಕ್ಕದ ಹೊಲಗಳಿಗೆ ನುಗ್ಗಿತು. ಎರಡನೆಯ ಎಕರೆಯನ್ನು ಬೀಳು ಬಿಡಬೇಡಿ. ಮುಂಗಾರಿಗೆ ರಾಗಿ ಬಿತ್ತಿ, ನಡುನಡುವೆ ಅಕ್ಕಡಿ (ಮಿಶ್ರಬೆಳೆ) ಸಾಲಿನಲ್ಲಿ ಅವರೆ, ತೊಗರಿ ಹಾಕಿ. ಮಳೆ ತೀರಾ ಕೈಕೊಡದಿದ್ದರೆ ಕೊಳವೆಬಾವಿಯ ನೀರು ಬೇಕಾಗುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ರಾಗಿಯನ್ನೇ ಬಿತ್ತುತ್ತೇನೆ. ಟೊಮೆಟೊ ಒಣಗುವ ಸ್ಥಿತಿ ಬಂದರೆ ಕೆರೆಗೇ ಪಂಪು ಇಡಬಹುದೇ ಸರ್?

ಉತ್ತರ (ನಿವೃತ್ತ ಎಂಜಿನಿಯರ್, ಬಂಗಾರಪೇಟೆ):
ಇಡಬಾರದು. ಆ ನೀರು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಣೆಗೊಂಡದ್ದು. ಯೋಜನೆಯ ಉದ್ದೇಶ ಅಂತರ್ಜಲ ಮರುಪೂರಣವೇ ಹೊರತು ನೇರ ನೀರಾವರಿಯಲ್ಲ. ನಿಮ್ಮ ಕೊಳವೆಬಾವಿಯ ನೀರನ್ನು ಮನೆಯವರು ಕುಡಿಯುತ್ತಿದ್ದರೆ, ಫ್ಲೋರೈಡ್ ಜೊತೆಗೆ ನೈಟ್ರೇಟ್ ಮತ್ತು ಬ್ಯಾಕ್ಟೀರಿಯಾ ಪರೀಕ್ಷೆಯನ್ನೂ ಈ ತಿಂಗಳೇ ಮಾಡಿಸಿ.