ಮೂಗು ಓಡುವುದಿಲ್ಲ, ಸೋರುತ್ತದೆ

ಮಗುವಿಗೆ ಕನ್ನಡ ಬರುತ್ತದೆ, ಆದರೆ ಇಂಗ್ಲಿಷಿನ ಒಂದೊಂದು ಪದಕ್ಕೂ ಒಂದೊಂದೇ ಕನ್ನಡ ಪದವನ್ನು ಗಂಟುಹಾಕಿಕೊಂಡು ಮಾತನಾಡುತ್ತದೆ, ಇದನ್ನು ತಿದ್ದುವುದು ಹೇಗೆ ಎಂದು ಗುಂಪಿನ ಸದಸ್ಯರೊಬ್ಬರು ಕೇಳಿದ್ದಾರೆ. ನಮ್ಮ ಮನೆಯಲ್ಲಿ ಈ ತೊಡಕು ಹೆಚ್ಚಾಗಿ ಕಾಡಿದ್ದು ‘ರನ್’ ಎಂಬ ಪದದಿಂದಾದ್ದರಿಂದ, ಅದೊಂದನ್ನೇ ಹಿಡಿದು ಉತ್ತರ ಬರೆಯುತ್ತಿದ್ದೇನೆ.

ನೆಗಡಿಯಾಗಿದ್ದ ಒಂದು ದಿನ ಏಳು ವರ್ಷದ ಮಗಳು ಫೋನಿನಲ್ಲಿ, “ಅಜ್ಜಿ, ನನ್ನ ಮೂಗು ಓಡ್ತಾ ಇದೆ” ಎಂದಳು. “ಹೌದೇನೇ ಪುಟ್ಟಿ? ಬೇಗ ಹಿಡ್ಕೋ, ದೂರ ಹೋಗಿಬಿಟ್ಟೀತು” ಎಂದು ಆ ಕಡೆಯಿಂದ ಉತ್ತರ ಬಂತು. ಅವಳು ನಿಜವಾಗಿಯೂ ಮೂಗು ಹಿಡಿದುಕೊಂಡು ನನ್ನ ಮುಖ ನೋಡಿದಳು. ನಾನು ನಗುವ ಹಾಗಿರಲಿಲ್ಲ. ಪರದೇಶಕ್ಕೆ ಬಂದ ಹೊಸದರಲ್ಲಿ ನಾನೂ ವೈದ್ಯರ ಮುಂದೆ ಕುಳಿತು, ‘ಮೂಗು ಸೋರುತ್ತಿದೆ’ ಎಂಬುದನ್ನು ಪದಕ್ಕೆ ಪದ ಇಂಗ್ಲಿಷಿಗಿಳಿಸಿ, ಮೂಗು ಲೀಕ್ ಆಗುತ್ತಿದೆಯೆಂದು, ಕೊಳಾಯಿ ರಿಪೇರಿಯವನಿಗೆ ಹೇಳುವ ಧಾಟಿಯಲ್ಲಿ ದೂರಿಕೊಂಡಿದ್ದೆ.

ಈ ಪದದ ಹರವು ಸಾಮಾನ್ಯವಾದುದಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ದೀರ್ಘವಾದ ವಿವರಣೆ ಪಡೆದ ಪದ ‘ಸೆಟ್’. ಅದಕ್ಕೆ ಸುಮಾರು 430 ಅರ್ಥಗಳನ್ನು ಕೊಡಲಾಗಿತ್ತು. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದಿಕ್ಕಿತು. ಅದರ ಸಂಪಾದಕರಲ್ಲೊಬ್ಬರಾದ ಪೀಟರ್ ಗಿಲಿವರ್ ಇದೊಂದೇ ಪದದ ಮೇಲೆ ಒಂಬತ್ತು ತಿಂಗಳು ಕೆಲಸ ಮಾಡಿ, ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳನ್ನು ಗುರುತಿಸಿದರೆಂಬುದು 2011ರಲ್ಲಿ ಸುದ್ದಿಯಾಗಿತ್ತು. ವಿದ್ವಾಂಸರೊಬ್ಬರಿಗೆ ಅಷ್ಟು ಕಾಲ ಹಿಡಿದ ಪದವನ್ನು ಮಗು ‘ಓಡು’ ಎಂಬ ಒಂದೇ ಗೂಟಕ್ಕೆ ಕಟ್ಟಿದರೆ ಅದು ಮಗುವಿನ ತಪ್ಪಲ್ಲ.

ಇಂಗ್ಲಿಷರು ಓಡಿಸುವ ಅಂಗಡಿಯನ್ನು ನಾವು ನಡೆಸುತ್ತೇವೆ. ಸಭೆಯನ್ನೂ ಸಂಸಾರವನ್ನೂ ನಡೆಸುವುದೇ ಹೊರತು ಓಡಿಸುವುದಿಲ್ಲ. ಅಮೆರಿಕದವರು ಚುನಾವಣೆಗೆ ಓಡುತ್ತಾರೆ, ನಾವು ನಿಲ್ಲುತ್ತೇವೆ, ಮತ್ತು ಈ ಒಂದು ವಿಷಯದಲ್ಲಿ ಬ್ರಿಟನ್ನಿನವರು ನಮ್ಮ ಜೊತೆಗೇ ನಿಲ್ಲುತ್ತಾರೆ. ಒಗೆದರೆ ಬಟ್ಟೆ ಬಣ್ಣ ಬಿಡುತ್ತದೆ, ನಲ್ಲಿಯಲ್ಲಿ ನೀರು ಸುರಿಯುತ್ತದೆ, ಜ್ವರ ಬರುತ್ತದೆ, ಹಾಲು ಮುಗಿಯುತ್ತದೆ, ಕೋಪ ವಂಶದಲ್ಲೇ ಬಂದಿರುತ್ತದೆ. ಈ ಎಲ್ಲ ಕಡೆಯೂ ಇಂಗ್ಲಿಷ್ ‘ರನ್’ ಒಂದರಲ್ಲೇ ಕೆಲಸ ಮುಗಿಸುತ್ತದೆ. ಹಾಗೆಂದು ‘ಓಡು’ ತೀರ ಬಡವನೂ ಅಲ್ಲ: ಸಿನಿಮಾ ನೂರು ದಿನ ಓಡುತ್ತದೆ, ಗಾಡಿ ಓಡುತ್ತದೆ, ನಿದ್ದೆಗೆಟ್ಟಾಗ ತಲೆ ಓಡುವುದಿಲ್ಲ. ಕ್ರಿಕೆಟ್ಟಿನ ರನ್ನಂತೂ ಎರಡು ಭಾಷೆಗಳಿಗೂ ಸಿಕ್ಕದ ವಿಚಿತ್ರ. ಚೆಂಡು ಗಡಿ ದಾಟಿದರೆ ಒಂದು ಹೆಜ್ಜೆಯೂ ಓಡದೆ ನಾಲ್ಕು ರನ್ ಸಿಗುತ್ತದೆ.

ಮೂಗಿಗೂ ಓಟಕ್ಕೂ ಏನು ಸಂಬಂಧವೆಂದು ಹುಡುಕಿದಾಗ ತಿಳಿದದ್ದು ಇಷ್ಟು. ‘ರನ್’ ಪದದ ಹಳೆಯ ಇಂಗ್ಲಿಷ್ ರೂಪಕ್ಕೆ ಓಡು ಎಂಬುದರ ಜೊತೆಗೆ ಹರಿ ಎಂಬ ಅರ್ಥವೂ ಇತ್ತು. ಅದರ ಬಂಧುವಾದ ಜರ್ಮನ್ ಭಾಷೆಯ ‘ರಿನ್ನೆನ್’ ಈಗಲೂ ಜಿನುಗು, ಹರಿ ಎಂದೇ ಅರ್ಥ ಕೊಡುತ್ತದೆ. ಆದ್ದರಿಂದ ಅಲ್ಲಿ ಮೂಗಿಗೆ ಯಾರೂ ಕಾಲು ಹಚ್ಚಿಲ್ಲ. ನನಗೆ ಹೆಚ್ಚು ಸಂತೋಷ ಕೊಟ್ಟದ್ದು ನಮ್ಮ ಹಳಗನ್ನಡದಲ್ಲಿಯೂ ಇದೇ ಜೋಡಿ ಇದೆಯೆಂಬುದು: ‘ಪರಿ’ ಎಂದರೆ ಓಡು, ಹರಿ ಎರಡೂ ಹೌದು. ಆ ಪಕಾರವೇ ಮುಂದೆ ಹಕಾರವಾಗಿ ‘ಹರಿ’ ಉಳಿಯಿತು. ನೀರು ಹರಿಯುತ್ತದೆ, ಹಾವು ಹರಿಯುತ್ತದೆ, ಗಮನ ಹರಿಯುತ್ತದೆ, ಲಾರಿಯೂ ಯಾರ ಮೇಲಾದರೂ ಹರಿಯುತ್ತದೆ; ಈ ಕೊನೆಯ ಅರ್ಥಕ್ಕೂ ಇಂಗ್ಲಿಷಿನಲ್ಲಿ ‘ರನ್’ ಪದವೇ ಸಲ್ಲುತ್ತದೆ. ಬಟ್ಟೆ ಹರಿಯುವುದು ಮಾತ್ರ ಮೂಲದಲ್ಲಿ ಬೇರೆಯದೇ ಪದ, ಅಲ್ಲಿದ್ದದ್ದು ಈಗ ಬಳಕೆ ತಪ್ಪಿರುವ ಶಕಟರೇಫದ, ಅಂದರೆ ‘ಱ’ ಎಂಬ ಇನ್ನೊಂದು ಬಗೆಯ ರಕಾರದ ‘ಪಱಿ’. ಆ ಅಕ್ಷರ ಮರೆಯಾದ ಮೇಲೆ ಎರಡೂ ಒಂದೇ ರೂಪಕ್ಕೆ ಬಂದವು.

ತಿದ್ದುವ ಬಗೆಯ ವಿಚಾರಕ್ಕೆ ಬರುವುದಾದರೆ, ನಾನು ಮೊದಲು ಮಾಡಿದ್ದು ದೊಡ್ಡದೊಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದು. ಅವಳು ಪಟ್ಟಿಯನ್ನು ಗಿಳಿಪಾಠ ಒಪ್ಪಿಸಿದಳು, ಮರುಕ್ಷಣವೇ ನಲ್ಲಿ ಓಡುತ್ತಿದೆ ಎಂದಳು. ಫಲ ಕೊಟ್ಟದ್ದು ಬೇರೆ ದಾರಿ: ಕ್ರಿಯಾಪದವನ್ನು ಒಂಟಿಯಾಗಿ ಕಲಿಸದೆ, ಅದರ ನಾಮಪದದ ಜೊತೆ ಸೇರಿಸಿ, ಆ ಸಂಗತಿ ನಡೆಯುತ್ತಿರುವಾಗಲೇ ಒಮ್ಮೆ ಹೇಳಿ ಸುಮ್ಮನಾಗುವುದು. ನಲ್ಲಿ ತಿರುಗಿಸುವಾಗ ‘ನೀರು ಸುರೀತಿದೆ ನೋಡು’, ಕೆಂಪು ಅಂಗಿ ನೆನೆಹಾಕಿದಾಗ ‘ಬಣ್ಣ ಬಿಡ್ತು’, ಅಷ್ಟೇ. ಮಾತಿನ ನಡುವೆ ತಡೆದು ತಿದ್ದಿದರೆ ಮಕ್ಕಳು ಇಂಗ್ಲಿಷಿಗೆ ಜಾರಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ತಪ್ಪು ಕನ್ನಡ ಅದಕ್ಕಿಂತ ಎಷ್ಟೋ ಮೇಲು.

ಹೀಗೆ ಕಲಿತ ಮಾತುಗಳಲ್ಲಿ ‘ಹರಿ’ಯ ಎರಡು ಬಗೆಗಳೂ ಅವಳ ಪಾಲಿಗೆ ಬಂದಿವೆ. ಕಳೆದ ವಾರ ನಮಗೆ ರಾತ್ರಿಯಾಗಿದ್ದ ಹೊತ್ತಿನಲ್ಲಿ ಅಜ್ಜಿಗೆ ಫೋನ್ ಮಾಡಿ, ಅಲ್ಲಿ ಬೆಳಗಾಯಿತೇ ಎಂದು ವಿಚಾರಿಸಿದಳು. “ಬೆಳಕು ಹರಿದು ಆಗಲೇ ಎಷ್ಟೋ ಹೊತ್ತಾಯ್ತಲ್ಲೇ” ಎಂದರು ಅಜ್ಜಿ. ಒಂದು ಗಳಿಗೆ ಯೋಚಿಸಿ ಇವಳು, “ಹಾಗಾದ್ರೆ ಹೊಲಿಯೋರು ಯಾರಜ್ಜಿ?” ಎಂದು ಕೇಳಿದಳು.